ನಾನು ಬರೆಯದ ಬಾಗಿಲು

“ಆ ನಕ್ಷೆ ನನಗೆ ಬಿಡು. ನಿಮ್ಮ ಇಡೀ ಶಾಲೆಯನ್ನು ಒಂದು ಹಲಗೆಯ ಮೇಲೆ ಇಳಿಸಿಕೊಡದಿದ್ದರೆ ನಾನು ಹತ್ತೊಂಬತ್ತು ವರ್ಷ ಗೆರೆ ಎಳೆದದ್ದೇ ದಂಡ” ಎಂದು ಹೆಂಡತಿಗೆ ಮಾತು ಕೊಟ್ಟಾಗ ನಾನು ಕನ್ನಡಿಯ ಮುಂದೆ ನಿಂತಿದ್ದೆ. ಗಡ್ಡಕ್ಕೆ ಸೋಪು ಮೆತ್ತಿಕೊಂಡಿದ್ದ ಆ ಮುಖದಲ್ಲಿ ಎಂಥ ಆತ್ಮವಿಶ್ವಾಸ! ಎರಡು ವಾರ ಬಿಟ್ಟು ಅದೇ ಕನ್ನಡಿಯಲ್ಲಿ ಅದೇ ಮುಖವನ್ನು ನೋಡಿಕೊಳ್ಳಲು ನನಗೆ ನಾಚಿಕೆಯಾಯಿತು.

ನನ್ನ ಹೆಂಡತಿ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಟೀಚರ್. ರಜೆಯಲ್ಲಿ ಆ ಶಾಲೆ ಹಳೆಯ ಕಟ್ಟಡ ಬಿಟ್ಟು ಹೊಸ ಕಟ್ಟಡಕ್ಕೆ ಬಂದಿತ್ತು. ಹಳೆಯದರಲ್ಲಿ ಮೂವತ್ತನಾಲ್ಕು ಮಕ್ಕಳಿಗೂ ಪ್ರತಿ ತಿರುವು, ಪ್ರತಿ ಮೆಟ್ಟಿಲು ಬಾಯಿಪಾಠವಾಗಿತ್ತು. ಹೊಸದರಲ್ಲಿ ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಎಂದು ಹೆಡ್ ಮೇಡಂಗೇ ಸರಿಯಾಗಿ ಗೊತ್ತಿರಲಿಲ್ಲ. ಡ್ರಿಲ್ ಮೇಷ್ಟ್ರು ಗೋಡೆಯುದ್ದಕ್ಕೂ ಹಗ್ಗ ಕಟ್ಟಿಬಿಡೋಣ, ಮಕ್ಕಳು ಹಿಡಿದುಕೊಂಡು ನಡೆಯಲಿ ಎಂದರಂತೆ. ನನ್ನ ಹೆಂಡತಿ ಎದ್ದು ನಿಂತು, “ಹಗ್ಗ ಹಿಡಿದು ನಡೆದರೆ ಮಕ್ಕಳಿಗೆ ಹಗ್ಗ ಗೊತ್ತಾಗುತ್ತೆ, ಶಾಲೆ ಗೊತ್ತಾಗಲ್ಲ. ಬೆರಳಲ್ಲಿ ಮುಟ್ಟಿ ಓದೋ ನಕ್ಷೆ ಮಾಡಿಸೋಣ. ನಮ್ಮ ಮನೆಯವರು ನಕ್ಷೆ ಬರೆಯೋರೇ” ಎಂದಳಂತೆ. ಹೆಡ್ ಮೇಡಂ ಒಪ್ಪಿದರು. ಶಾಲೆ ತೆರೆಯುವ ಸೋಮವಾರದ ಹೊತ್ತಿಗೆ ನಕ್ಷೆ ಬಾಗಿಲ ಬಳಿ ಇರಬೇಕು, ಇಲ್ಲದಿದ್ದರೆ ಹಗ್ಗ ಎಂದು ತೀರ್ಮಾನವಾಯಿತು.

ಇದರ ಜೊತೆಗೆ ಎಂಟು ವರ್ಷದ ಒಬ್ಬ ಹುಡುಗಿಯ ಸಂಗತಿಯಿತ್ತು. ಮಗು ಹೊಸದಾಗಿ ಸೇರುವವಳು. ಅವಳ ತಾಯಿ ಇಷ್ಟು ವರ್ಷ ಅವಳ ಕೈ ಬಿಟ್ಟವರೇ ಅಲ್ಲ. ಮೊದಲ ದಿನ ಮಗಳು ಯಾರ ಕೈಯನ್ನೂ ಹಿಡಿಯದೆ ಬಾಗಿಲಿಂದ ನೀರಿನ ನಲ್ಲಿಯವರೆಗೆ ಹೋಗಿ ಬಂದರೆ ಬಿಟ್ಟು ಹೋಗುತ್ತೇನೆ, ಇಲ್ಲವಾದರೆ ಅದೇ ಬಸ್ಸಿಗೆ ವಾಪಸ್ ಕರೆದೊಯ್ಯುತ್ತೇನೆ ಎಂದು ಅವರು ಹೇಳಿಬಿಟ್ಟಿದ್ದರು. “ಆ ಮಗು ಬಸ್ಸು ಹತ್ತಿದರೆ ಇನ್ನು ಯಾವ ಶಾಲೆಗೂ ಬರಲ್ಲ ರೀ” ಎಂದಳು ಹೆಂಡತಿ. ಅವಳು ಅಷ್ಟು ಮೆಲ್ಲಗೆ ಮಾತಾಡುವುದು ಅಪರೂಪ.

ಈಗ ನನ್ನ ವಿಷಯ. ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೈಪಿಡಿಗಳಿಗೆ ಚಿತ್ರ ಬರೆಯುವವನು. ಪಂಪನ್ನು ಬಿಚ್ಚಿ, ಒಳಗಿನ ತಿರುಪು ವಾಷರುಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ನಂಬರು ಕೊಡುವ ಚಿತ್ರಗಳಿರುತ್ತವಲ್ಲ, ಅವು ನನ್ನವು. ಕಂಪ್ಯೂಟರಿನಲ್ಲಿ ಎಳೆದ ಇಂಥ ಚಿತ್ರ ಫೋಟೋ ಅಲ್ಲ. ಇಲ್ಲಿಂದ ಅಲ್ಲಿಗೆ ಒಂದು ಗೆರೆ, ಇಷ್ಟು ಉದ್ದ, ಇಷ್ಟು ಬಾಗು ಎಂದು ಅದು ಗೆರೆಗಳನ್ನೇ ನೆನಪಿಟ್ಟುಕೊಳ್ಳುತ್ತದೆ. ಊರಗಲ ಹಿಗ್ಗಿಸಿದರೂ ಮಸುಕಾಗುವುದಿಲ್ಲ.

ನಮ್ಮ ವಿಭಾಗದಲ್ಲಿ ಒಂದು ಕಟ್ಟುನಿಟ್ಟಾದ ಸಂಪ್ರದಾಯವಿದೆ. ಬರೆದದ್ದನ್ನು ಅಳಿಸಬಾರದು. ಏಕೆಂದರೆ ನಮ್ಮ ದೊಡ್ಡ ಇಂಜಿನಿಯರು ಬೆಳಿಗ್ಗೆ ಹಿಡಿಕೆ ಎಡಕ್ಕಿರಲಿ ಎನ್ನುತ್ತಾರೆ, ಮಧ್ಯಾಹ್ನ ಬಲಕ್ಕೆ ಎನ್ನುತ್ತಾರೆ, ಸಂಜೆ ಬ್ಯಾಗು ಹೆಗಲಿಗೇರಿಸಿಕೊಂಡು “ಮೊದಲಿದ್ದದ್ದೇ ಚೆನ್ನಾಗಿತ್ತು” ಎಂದು ಹೊರಟುಹೋಗುತ್ತಾರೆ. ಅಳಿಸಿದವನು ಕೆಟ್ಟ! ಆದ್ದರಿಂದ ಬೇಡವಾದದ್ದರ ಮೇಲೆ ಬಿಳಿ ಬಣ್ಣದ ಒಂದು ಚೌಕವನ್ನು ತೇಪೆಯಂತೆ ಇಟ್ಟು ಮುಚ್ಚುತ್ತೇವೆ. ಬಿಳಿ ಹಾಳೆಯ ಮೇಲೆ ಬಿಳಿ ತೇಪೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಕೆಂದಾಗ ತೇಪೆ ಎತ್ತಿದರೆ ಹಳೆಯದು ಹಾಗೇ ಇರುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮುಚ್ಚಿದ್ದನ್ನು ಆ ಕ್ಷಣವೇ ಮರೆತುಬಿಡುವಷ್ಟು ನುರಿತಿದ್ದೇನೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಅನುಮಾನದ ಪ್ರಾಣಿ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಮೊದಲು ಸೀಟು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಪಕ್ಕದ ಮನೆಯವರು ಚೆನ್ನಾಗಿದ್ದೀರಾ ಎಂದು ಕೇಳಿದರೆ, ನಾನು ಚೆನ್ನಾಗಿಲ್ಲ ಎಂದು ಇವರಿಗೆ ಹೇಳಿದವರು ಯಾರು ಎಂದು ಸಂಜೆಯವರೆಗೆ ಯೋಚಿಸುತ್ತೇನೆ.

ಭಾನುವಾರ ಟೇಪು ಹಿಡಿದು ಶಾಲೆಯ ಮೂಲೆಮೂಲೆ ಅಳೆದೆ. ಬುಧವಾರದ ಹೊತ್ತಿಗೆ ನಕ್ಷೆ ಸಿದ್ಧವಾಯಿತು. ನಡುವೆ ಕೆಲವು ಬಾಗಿಲುಗಳು ಅತ್ತಿತ್ತ ಓಡಾಡಿದವು, ಒಂದು ಮೆಟ್ಟಿಲು ಜಾಗ ಬದಲಾಯಿಸಿತು. ಅದೆಲ್ಲ ಇದ್ದದ್ದೇ. ಪರದೆಯ ಮೇಲೆ ನಕ್ಷೆ ಹಾಲಿನಂತೆ ನಿರ್ಮಲವಾಗಿತ್ತು.

ತೊಂದರೆ ಶುರುವಾದದ್ದು ಅದು ನನ್ನ ಕಂಪ್ಯೂಟರಿನ ಹೊಸ್ತಿಲು ದಾಟಿದ ಮೇಲೆ. ನಕ್ಷೆ ಎರಡು ಕಡೆ ಹೋಗಬೇಕಿತ್ತು. ಮೊದಲು ಶಾಲೆಯ ಕಂಪ್ಯೂಟರಿಗೆ. ಅಲ್ಲಿ ನನ್ನ ಹೆಂಡತಿ ಪ್ರತಿ ಕೋಣೆಯ ಹೆಸರನ್ನು ಬ್ರೈಲ್ ಚುಕ್ಕಿಗಳಲ್ಲಿ ಸೇರಿಸಬೇಕು. ಆಮೇಲೆ ಕೆತ್ತನೆ ಅಂಗಡಿಗೆ. ಅಲ್ಲಿಯ ಯಂತ್ರ ಹಲಗೆಯ ಮೇಲೆ ಗೆರೆಗಳನ್ನು ಕೊರೆಯಬೇಕು. ನನ್ನದೊಂದು ಪ್ರೋಗ್ರಾಂ, ಶಾಲೆಯದೊಂದು, ಅಂಗಡಿಯದೊಂದು. ಮೂರೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ. ಒಂದು ಹೇಳಿದ್ದು ಇನ್ನೊಂದರ ಕಿವಿಗೆ ಬೀಳುವುದಿಲ್ಲ, ಬಿದ್ದರೂ ಅರ್ಧ ಬಿಟ್ಟು ಕೇಳಿಸಿಕೊಳ್ಳುತ್ತದೆ.

“ನಿಮ್ಮ ಫೈಲು ತೆರೆಯೋದೇ ಇಲ್ಲ ಅಂತಿದೆ. ಇದು ಯಾವ ಜಾತಿಯ ಫೈಲು ಅಂತ ಗೊತ್ತಿಲ್ಲವಂತೆ” ಎಂದು ಹೆಂಡತಿ ಶಾಲೆಯಿಂದ ಫೋನ್ ಮಾಡಿದಳು.

“ಗೊತ್ತಿಲ್ಲ ಅಂತ ಹೇಳಿದ್ದು ಯಾರು?”

“ಕಂಪ್ಯೂಟರು.”

“ಅದರ ಪಕ್ಕ ಯಾರು ಕೂತಿದಾರೆ?”

“ಡ್ರಿಲ್ ಮೇಷ್ಟ್ರು ಹಾಜರಿ ಪುಸ್ತಕ ಬರೀತಿದಾರೆ. ಯಾಕೆ?”

“ಏನಿಲ್ಲ” ಎಂದೆ. ಆದರೆ ಮನಸ್ಸಿನಲ್ಲಿ ಒಂದು ಗಂಟೆ ಹೊಡೆಯಿತು. ಹಗ್ಗದ ಪಕ್ಷದವರು ಕಂಪ್ಯೂಟರಿನ ಪಕ್ಕದಲ್ಲೇ ಕೂತಿದ್ದಾರೆ!

ಫೈಲನ್ನು ಬೇರೆ ಬಗೆಯಲ್ಲಿ ಉಳಿಸಿ ಕಳಿಸಿದೆ. ಈ ಸಲ ತೆರೆಯಿತು, ಆದರೆ ನೋಡಲು ಬರುವ ದೊಡ್ಡವರಿಗಾಗಿ ನಾನು ಮೇಲೆ ಬರೆದಿದ್ದ ‘ಸ್ವಾಗತ’ದಲ್ಲಿ ಒತ್ತಕ್ಷರ ಕಳಚಿ ನೀರಿನ ನಲ್ಲಿಯ ಪಕ್ಕಕ್ಕೆ ಬಿದ್ದಿತ್ತು. ಹೆಂಡತಿ ಅದನ್ನು ಹೆಕ್ಕಿ ಜಾಗಕ್ಕೆ ಇಟ್ಟು, ಬ್ರೈಲ್ ಸೇರಿಸಿ, ಕೆತ್ತನೆ ಅಂಗಡಿಗೆ ಕಳಿಸಿದಳು. ಅಂಗಡಿಯವನ ಯಂತ್ರ ಬಲು ಹಳೆಯದು. ಅದಕ್ಕೆ ಅರ್ಥವಾಗುವುದು ಒಂದೇ ಬಗೆಯ ಫೈಲು, ಆ ಫೈಲಿಗೆ ಗೊತ್ತಿರುವುದು ಗೆರೆ ಮಾತ್ರ. ಬಣ್ಣ, ದಪ್ಪ, ತೆಳು ಯಾವುದನ್ನೂ ಅದು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅವನು ಸಂಜೆ ಫೋನ್ ಮಾಡಿದ.

“ಮೇಡಂ, ನಿಮ್ಮ ಶಾಲೆ ಬಂತು. ನನ್ನ ಹೆಬ್ಬೆರಳ ಉಗುರಿನ ಮೇಲೆ ಆರಾಮಾಗಿ ಕೂರುತ್ತೆ. ಇರುವೆಗಳಿಗೆ ಪಾಠ ಹೇಳೋದಾ?”

ಅಳತೆ ತಪ್ಪಿತ್ತು. ನಾನು ಮಿಲಿಮೀಟರ್ ಎಂದದ್ದನ್ನು ಅವನ ಪ್ರೋಗ್ರಾಂ ಇನ್ನೇನೋ ಎಂದುಕೊಂಡಿತ್ತು. ಅದನ್ನೂ ಸರಿಮಾಡಿದೆ. ಮುಂದಿನ ವಾರದ ಮಂಗಳವಾರ ತೆಳು ಹಾಳೆಯ ಮೇಲೆ ಮೊದಲ ಮಾದರಿ ಕೆತ್ತಿ ಬಂತು. ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ, ಕಣ್ಣು ಮುಚ್ಚಿ ಬೆರಳಾಡಿಸಿದಳು. ನಾನು ಹೊಗಳಿಕೆಗೆ ಕಾದು ನಿಂತೆ.

“ಹೆಡ್ ಮೇಡಂ ರೂಮಿಗೆ ಎರಡು ಬಾಗಿಲು ಇದೆಯಲ್ಲ?”

“ಒಂದೇ.”

“ಎರಡಿದೆ. ಕಾರಿಡಾರಿನ ಮಧ್ಯದಲ್ಲಿ ಮೆಟ್ಟಿಲಿದೆ. ಶೌಚಾಲಯ ಎರಡು ಕಡೆ ಇದೆ, ಒಂದು ಲೈಬ್ರರಿ ಒಳಗೆ.”

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ನಾನು ಬರೆಯದ ಬಾಗಿಲುಗಳು! ನಾನು ಕಟ್ಟದ ಮೆಟ್ಟಿಲುಗಳು! ಸಾಲದ್ದಕ್ಕೆ ಪ್ರತಿಯೊಂದರ ಸುತ್ತ ಅಚ್ಚುಕಟ್ಟಾದ ಒಂದು ಚೌಕ. ಕೇಡು ಮಾಡಿದವನು ತನ್ನ ಕೆಲಸಕ್ಕೆ ಚೌಕಟ್ಟು ಬೇರೆ ಹಾಕಿಕೊಟ್ಟಿದ್ದಾನೆ, ಎಂಥ ಕೊಬ್ಬು! ಓಡಿಹೋಗಿ ನನ್ನ ಪರದೆಯ ಮೇಲೆ ನಕ್ಷೆ ತೆರೆದೆ. ಅಲ್ಲಿ ಒಂದೂ ಇಲ್ಲ. ಪರಿಶುದ್ಧವಾದ ಬಿಳಿ.

“ನೋಡು, ನನ್ನದರಲ್ಲಿ ಇಲ್ಲ. ದಾರಿಯಲ್ಲಿ ಯಾರೋ ಕೈ ಹಾಕಿದಾರೆ” ಎಂದೆ.

“ಯಾರು ಹಾಕ್ತಾರೆ? ಶಾಲೆಯ ನಕ್ಷೆಗೆ ಮೆಟ್ಟಿಲು ಸೇರಿಸಿ ಯಾರಿಗೆ ಏನು ಸಿಗುತ್ತೆ?”

“ಹಗ್ಗ ಸಿಗುತ್ತೆ” ಎಂದೆ ಗಂಭೀರವಾಗಿ.

ಹೆಂಡತಿ ನನ್ನನ್ನು ಒಂದು ಗಳಿಗೆ ನೋಡಿ, “ನಿಮ್ಮ ಚಿತ್ರವನ್ನೇ ಇನ್ನೊಂದ್ಸಲ ಸರಿಯಾಗಿ ನೋಡಬಾರದಾ?” ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ತನಿಖೆಗೆ ಇಳಿದೆ. ಡ್ರಿಲ್ ಮೇಷ್ಟ್ರು ಶಾಲೆಯ ಹಿಂಬದಿಯ ಕಟ್ಟೆಯ ಮೇಲೆ ಕೂತು ಹಗ್ಗದ ದೊಡ್ಡ ಸುರುಳಿಯ ಸಿಕ್ಕು ಬಿಡಿಸುತ್ತಿದ್ದರು. ನಾನು ಗಾಳಿ ಸೇವನೆಗೆ ಬಂದವನಂತೆ ಪಕ್ಕದಲ್ಲಿ ಕೂತೆ.

“ಹಗ್ಗ ಆಗಲೇ ತಂದಾಯ್ತಾ?”

“ತಂದಾಯ್ತು ಸರ್. ನಕ್ಷೆ ಬಂದರೆ ವಾಪಸ್ ಕೊಡ್ತೀನಿ, ಬರದಿದ್ದರೆ ಕಟ್ತೀನಿ.”

“ಬರದೇ ಇರಲಿ ಅಂತ ಆಸೆಯೇನಿಲ್ಲವಲ್ಲ?”

“ಇನ್ನೂರು ಮೀಟರು ಹಗ್ಗಕ್ಕೆ ಗಂಟು ಹಾಕೋ ಆಸೆ ಯಾರಿಗಿರುತ್ತೆ ಸರ್?”

ಇಷ್ಟು ಸರಿಯಾದ ಉತ್ತರ, ಮೊದಲೇ ತಯಾರಿ ಮಾಡಿಕೊಳ್ಳದೆ ಯಾರ ಬಾಯಿಂದ ಬರುತ್ತದೆ? ಅವರ ಹೆಸರನ್ನು ಮನಸ್ಸಿನಲ್ಲಿ ಬರೆದುಕೊಂಡೆ.

ಅಲ್ಲಿಂದ ಕೆತ್ತನೆ ಅಂಗಡಿಗೆ ಹೋದೆ. ಡಾಕ್ಟರುಗಳ, ವಕೀಲರ ಹೆಸರಿನ ಫಲಕಗಳು ಗೋಡೆ ತುಂಬ ಒಣಗುತ್ತಿದ್ದವು. ಅಂಗಡಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಯಂತ್ರದ ಪುಡಿ ಗುಡಿಸುತ್ತಿದ್ದ. ಮುಖ ಮುಚ್ಚಿಕೊಂಡವನನ್ನು ನಾನು ಹೇಗೆ ನಂಬಲಿ?

“ನಿಮ್ಮ ಯಂತ್ರ ತಾನಾಗಿಯೇ ಏನಾದರೂ ಸೇರಿಸುತ್ತಾ?”

“ಫೈಲಲ್ಲಿ ಇದ್ದದ್ದನ್ನ ಕೆತ್ತುತ್ತೆ ಸರ್. ಇಲ್ಲದ್ದನ್ನ ಕೆತ್ತೋಕೆ ಅದಕ್ಕೇನು ಬೇರೆ ಕೆಲಸ ಇಲ್ಲವಾ?”

“ನಿಮಗೆ ಯಾರಾದರೂ ಹೇಳಿ ಸೇರಿಸಿಸಿದರಾ?”

ಅವನು ಪೊರಕೆ ಕೆಳಗಿಟ್ಟ. “ಸರ್, ನಿನ್ನೆ ಒಬ್ಬ ವಕೀಲರು ಬಂದಿದ್ರು. ಅವರೂ ಇಷ್ಟು ಪ್ರಶ್ನೆ ಕೇಳಲಿಲ್ಲ.”

ಕೋಪ ಮಾಡಿಕೊಂಡ. ತಪ್ಪು ಮಾಡದವನಿಗೆ ಕೋಪ ಯಾಕೆ ಬರಬೇಕು? ಎರಡನೆಯ ಹೆಸರೂ ಸೇರಿತು.

ಮನೆಗೆ ಬಂದು ತನಿಖೆಯ ಫಲಿತಾಂಶವನ್ನು ಹೆಂಡತಿಯ ಮುಂದಿಟ್ಟೆ. ಅವಳು ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿ, “ಅವರಿಬ್ಬರೂ ಅಲ್ಲ. ನೀವು ಮೊದಲು ನಿಮ್ಮ ಚಿತ್ರ ನೋಡಿ” ಎಂದಳು. ರಾತ್ರಿ ಊಟಕ್ಕೆ ಬಡಿಸುವಾಗ ಮತ್ತೆ ಅದೇ ಮಾತು. ಒಂದೇ ಮಾತನ್ನು ಮೂರು ಸಲ! ತನಿಖೆಯ ದಿಕ್ಕನ್ನು ಪದೇಪದೇ ನನ್ನ ಕಡೆಗೆ ತಿರುಗಿಸಲು ಇವಳು ಯಾಕಿಷ್ಟು ಆತುರಪಡುತ್ತಿದ್ದಾಳೆ? ಬ್ರೈಲ್ ಸೇರಿಸುವಾಗ ಫೈಲು ಇವಳ ಕೈಯಲ್ಲೇ ತಾನೇ ಇತ್ತು? ಬೇಸರದಿಂದಲೇ ಮೂರನೆಯ ಹೆಸರನ್ನೂ ಸೇರಿಸಿದೆ.

ಗುರುವಾರ ಊಟದ ಬಿಡುವಿನಲ್ಲಿ ಕಾರ್ಖಾನೆಯಲ್ಲೇ ಕೂತು ಬಲೆ ಹೆಣೆದೆ. ನಕ್ಷೆಯ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅನುಮಾನಿತರ ಪಟ್ಟಿ ಬರೆದೆ. ಕೊನೆಯಲ್ಲಿ ಒಂದು ಎಚ್ಚರಿಕೆ ಸೇರಿಸಿದೆ. ಅದರ ಮೇಲೆ ನನ್ನ ಬಿಳಿ ತೇಪೆ ಇಟ್ಟೆ. ತರ್ಕ ಸರಳವಾಗಿತ್ತು: ಪ್ರಾಮಾಣಿಕರಿಗೆ ತೇಪೆ ಕಾಣುವುದಿಲ್ಲ. ಅದನ್ನು ಎತ್ತಿ ನೋಡುವವನು ಕಳ್ಳ ಮಾತ್ರ. ನೋಡಿದವನೇ ಬೆವೆತು, ಫೈಲನ್ನು ಬಿಟ್ಟು ಓಡಬೇಕು. ಒತ್ತಕ್ಷರ ಮತ್ತೆ ಕಳಚದಿರಲಿ ಎಂದು ಇಡೀ ಹಾಳೆಯ ಅಕ್ಷರಗಳನ್ನೆಲ್ಲ ಒಟ್ಟಿಗೆ ಹಿಡಿದು ಗೆರೆಗಳಾಗಿ ಮಾರ್ಪಡಿಸಿದೆ. ಹಾಗೆ ಮಾಡಿದರೆ ಯಾವ ಪ್ರೋಗ್ರಾಮೂ ಅವನ್ನು ಅಕ್ಷರವೆಂದು ತಿಳಿದು ಕೆಡಿಸಲಾರದು, ಗೆರೆಯೆಂದು ತಿಳಿದು ಹಾಗೇ ದಾಟಿಸಿಬಿಡುತ್ತದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಎರಡನೆಯ ಸಲ ಟೀ ತರಿಸಿಕೊಂಡೆ. “ಇನ್ನೊಂದು ಮಾದರಿ ತೆಗೆಸಿ ನೋಡೋಣ” ಎಂದು ಹೆಂಡತಿ ಫೋನಿನಲ್ಲಿ ಹೇಳಿದಳು. ನಾನು “ಹೊತ್ತಿಲ್ಲ, ನೇರ ಹಲಗೆಗೇ ಹೋಗಲಿ. ಈ ಸಲ ಯಾರೂ ಮುಟ್ಟಲ್ಲ” ಎಂದೆ.

ಶುಕ್ರವಾರ ಮಧ್ಯಾಹ್ನ ಹಲಗೆ ಶಾಲೆಗೆ ಬಂತು. ಕೆತ್ತನೆ ಅಂಗಡಿಯವನೇ ಹೊತ್ತು ತಂದಿದ್ದ. ಸ್ಟಾಫ್ ರೂಮಿನ ಉದ್ದನೆಯ ಮೇಜಿನ ಮೇಲೆ ಇಟ್ಟು, ಮೇಲಿನ ಕಾಗದ ಬಿಚ್ಚದೆ ಬಾಗಿಲ ಬಳಿ ನಿಂತುಕೊಂಡ. ಹೆಡ್ ಮೇಡಂ, ಡ್ರಿಲ್ ಮೇಷ್ಟ್ರು, ನನ್ನ ಹೆಂಡತಿ, ನಾನು ಸುತ್ತ ನೆರೆದಿದ್ದೆವು. ಪರೀಕ್ಷೆ ಮಾಡುವವರು ಹಿರಿಯ ಮೇಷ್ಟ್ರು. ಅವರು ಬ್ರೈಲ್ ಕಲಿಸುವವರು. ಮೂವತ್ತನೆಯ ವಯಸ್ಸಿನಲ್ಲಿ ದೃಷ್ಟಿ ಹೋದವರು. ಅದಕ್ಕೆ ಮೊದಲು ಹನ್ನೆರಡು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದರಂತೆ. ಆ ವಿವರ ನನಗೆ ಮೊದಲೇ ತಿಳಿದಿದ್ದರೆ ನಾನು ಆ ದಿನ ಜ್ವರ ಬಂದು ಮಲಗುತ್ತಿದ್ದೆ.

ಅವರು ಅಂಗಿಯ ತೋಳು ಮಡಚಿ, ಕಾಗದ ಸರಿಸಿ, ಎರಡೂ ಕೈಗಳನ್ನು ಹಲಗೆಯ ಮೇಲಿಟ್ಟರು.

“ಮುಂಬಾಗಿಲು. ಸರಿ. ಕಾರಿಡಾರು. ಸರಿ. ಇಲ್ಲಿ ಬಾಗಿಲು. ಅದರ ಪಕ್ಕ ಇನ್ನೊಂದು ಬಾಗಿಲು, ಅದರ ಸುತ್ತ ಒಂದು ಚೌಕ.” ಬೆರಳು ಮುಂದೆ ಹೋಯಿತು. “ಇಲ್ಲೊಂದು ಮೆಟ್ಟಿಲು, ಅದಕ್ಕೂ ಚೌಕ. ಇಲ್ಲೊಂದು ಗೋಡೆ, ಅದಕ್ಕೂ ಚೌಕ.”

“ನೋಡಿದ್ರಾ, ಮತ್ತೆ ಕೈ ಹಾಕಿದಾರೆ” ಎಂದೆ ನಾನು ಡ್ರಿಲ್ ಮೇಷ್ಟ್ರ ಕಡೆ ತಿರುಗಿ.

ಹಿರಿಯ ಮೇಷ್ಟ್ರು ತಲೆ ಅಲ್ಲಾಡಿಸಿದರು. “ಯಾರೂ ಕೈ ಹಾಕಿಲ್ಲ. ಇದನ್ನ ಬರೆದವರು ತಪ್ಪನ್ನ ಅಳಿಸಿಲ್ಲ, ಮೇಲೆ ಏನೋ ಇಟ್ಟು ಮುಚ್ಚಿದಾರೆ. ಈ ಚೌಕ ಮುಚ್ಚಳದ ಅಂಚು. ಮುಚ್ಚಳದ ಬಣ್ಣ ಯಂತ್ರಕ್ಕೆ ಗೊತ್ತಾಗಿಲ್ಲ, ಅಂಚು ಗೊತ್ತಾಗಿದೆ, ಒಳಗಿದ್ದದ್ದೂ ಗೊತ್ತಾಗಿದೆ. ಕಣ್ಣಿರೋರಿಗೆ ಮುಚ್ಚಿದ್ದು ಬೆರಳಿಗೆ ಮುಚ್ಚಲ್ಲ ಸರ್.”

ನನಗೆ ಒಂದೊಂದೇ ನೆನಪಾಗತೊಡಗಿತು. ಆ ಬಾಗಿಲನ್ನು ಮೊದಲು ತಪ್ಪು ಗೋಡೆಗೆ ಬರೆದವನು ನಾನೇ. ಆ ಮೆಟ್ಟಿಲೂ ನನ್ನದೇ. ಲೈಬ್ರರಿಯ ಶೌಚಾಲಯವೂ, ಹೇಳಲು ನಾಚಿಕೆಯಾಗುತ್ತದೆ, ನನ್ನದೇ. ಆದರೆ ಅದನ್ನೆಲ್ಲ ಮೀರಿಸಿದ ಇನ್ನೊಂದು ಸಂಗತಿ ನೆನಪಾಯಿತು. ಕೆಳಗಿನ ಮೂಲೆ!

“ಸಾಕು ಸರ್, ಅರ್ಥವಾಯ್ತು. ಸರಿಮಾಡಿಕೊಂಡು ಬರ್ತೀನಿ” ಎಂದು ಹಲಗೆಗೆ ಕೈ ಹಾಕಿದೆ.

“ಇರಿ ಇರಿ. ಇಲ್ಲಿ ಮೂಲೆಯಲ್ಲಿ ಅಕ್ಷರಗಳಿವೆ. ಬ್ರೈಲ್ ಅಲ್ಲ, ಅಚ್ಚಿನ ಅಕ್ಷರ.” ಅವರ ಮುಖ ಅರಳಿತು. “ಎಷ್ಟು ವರ್ಷವಾಯ್ತು ಅಕ್ಷರ ಮುಟ್ಟಿ. ಓದಲಾ?”

“ಓದಿ ಸರ್” ಎಂದರು ಹೆಡ್ ಮೇಡಂ.

“ಅ. ನು. ಮಾ. ನಿ. ತ. ರು. ಅನುಮಾನಿತರು.” ಅವರು ಮೊಳೆ ಜೋಡಿಸುವ ವೇಗದಲ್ಲೇ ಓದುತ್ತಿದ್ದರು. ಅಷ್ಟು ನಿಧಾನವಾಗಿ ಯಾರನ್ನೂ ನೇಣಿಗೆ ಹಾಕಬಾರದು. “ಒಂದು. ಡ್ರಿಲ್. ಮೇ. ಷ್ಟ್ರು.”

ಡ್ರಿಲ್ ಮೇಷ್ಟ್ರು ತಮ್ಮ ಹೆಸರು ಬಂದ ಜಾಗವನ್ನು ಬಗ್ಗಿ ನೋಡಿದರು. ನಾನು ಫ್ಯಾನು ನೋಡಿದೆ.

“ಎರಡು. ಕೆತ್ತನೆ ಅಂಗಡಿಯವನು.”

“ನಾನೇ ಕೆತ್ತಿದೀನಲ್ಲ ಇದನ್ನ” ಎಂದ ಬಾಗಿಲ ಬಳಿ ನಿಂತವನು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ.

“ಮೂರು. ಹೆಂ.”

“ಸರ್, ಬಸ್ಸಿಗೆ ಹೊತ್ತಾಯ್ತು” ಎಂದೆ.

“ಹೆಂ. ಡ. ತಿ.” ಬೆರಳು ಅಲ್ಲೇ ನಿಂತಿತು. “ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ.”

“ಒಂದೇನಾ ಸರ್?” ಎಂದು ಕೇಳಿದಳು ನನ್ನ ಹೆಂಡತಿ.

ಅವರು ಮತ್ತೊಮ್ಮೆ ಮುಟ್ಟಿ ನೋಡಿದರು. “ಎರಡು, ಟೀಚರ್.”

ಹಿರಿಯ ಮೇಷ್ಟ್ರು ಕೊನೆಯ ಸಾಲಿಗೆ ಇಳಿದಿದ್ದರು. “ಇದನ್ನು ಓದುತ್ತಿರುವವನೇ ಕಳ್ಳ.” ಕೈಗಳನ್ನು ಮೆಲ್ಲಗೆ ಹಲಗೆಯಿಂದ ಎತ್ತಿ, ಕರವಸ್ತ್ರದಲ್ಲಿ ಒರೆಸಿಕೊಂಡರು. “ಹಾಗಾದರೆ ನಾನೇ ಅನ್ನಿ. ಸದ್ಯ, ಉಳಿದ ಮೂವರೂ ಬಚಾವಾದರು.”

ಎಲ್ಲರಿಗಿಂತ ಮೊದಲು ನಕ್ಕವರು ಡ್ರಿಲ್ ಮೇಷ್ಟ್ರು. ಆಮೇಲೆ ಹೆಡ್ ಮೇಡಂ. ನನ್ನ ಹೆಂಡತಿ ನಗಲಿಲ್ಲ. ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು. ಈ ಹಲಗೆಯನ್ನು ನಂಬಿ ನಡೆದರೆ ಆ ಹೊಸ ಹುಡುಗಿ ನಲ್ಲಿಗೆ ಹೋಗುವ ಬದಲು ಗೋಡೆಗೆ ಹೋಗುತ್ತಿದ್ದಳು. ಅದು ಹೊಳೆದ ಮೇಲೆ ನನಗೂ ನಗುವವರ ಜೊತೆ ನಗಲಾಗಲಿಲ್ಲ.

ಶನಿವಾರ ಬೆಳಿಗ್ಗೆಯೇ ಕೆತ್ತನೆ ಅಂಗಡಿಯಲ್ಲಿ ನಾನು, ಅಂಗಡಿಯವನು, ಹಿರಿಯ ಮೇಷ್ಟ್ರು ಕೂತೆವು. ಅಂಗಡಿಯವನು ನನಗೆ ಕುರ್ಚಿ ಕೊಟ್ಟ. ನಾನು ಅದನ್ನು ಮುಟ್ಟಿ ನೋಡದೆ ಕೂತೆ. ನನ್ನ ಕಂಪ್ಯೂಟರು ತೆರೆದು ಒಂದೊಂದೇ ತೇಪೆ ಎತ್ತಿದೆ. ಎಣಿಸಿದರೆ ನಲವತ್ತೊಂದು!

“ಇದೊಂದು ಬಾಗಿಲು ಇರಲಿ ಬಿಡಿ ಸರ್, ತೆಳುವಾಗಿದೆ” ಎಂದೆ.

“ಅಳಿಸಿ” ಎಂದರು ಹಿರಿಯ ಮೇಷ್ಟ್ರು.

“ಮುಂದೆ ಬೇಕಾದರೆ?”

“ಆ ಗೋಡೆಗೆ ಬಾಗಿಲು ಯಾವತ್ತೂ ಇರಲಿಲ್ಲ ಸರ್. ಬೇಕಾಗೋದು ಹೇಗೆ?”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅಳಿಸುವ ಗುಂಡಿ ಒತ್ತಿದೆ. ಅದು ಎಷ್ಟು ಕಾಲ ಬಳಕೆಯಾಗಿರಲಿಲ್ಲವೆಂದರೆ ಮೊದಲನೆಯ ಸಲ ಒತ್ತಿದಾಗ ಕೆಳಗೇ ಹೋಗಲಿಲ್ಲ. ಹನ್ನೆರಡನೆಯದಕ್ಕೆ ಅಭ್ಯಾಸವಾಯಿತು. ಇಪ್ಪತ್ತನೆಯದಕ್ಕೆ ಖುಷಿಯಾಯಿತು. ಉಳಿದ ಗೆರೆಗಳನ್ನು ಅಂಗಡಿಯವನ ಯಂತ್ರ ಮೂರು ಗಂಟೆ ಕೊರೆಯಿತು. ಹಿರಿಯ ಮೇಷ್ಟ್ರು ಬಿಸಿ ಆರುವ ಮೊದಲೇ ಮುಟ್ಟಿ ನೋಡಿ ತಲೆಯಾಡಿಸಿದರು. ನನ್ನ ಹೆಂಡತಿ ಸಂಜೆ ಬಂದು ಬ್ರೈಲ್ ತೂತುಗಳಲ್ಲಿ ಸಾಸಿವೆ ಗಾತ್ರದ ಮಣಿಗಳನ್ನು ಒಂದೊಂದಾಗಿ ಕೂರಿಸಿದಳು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ನಾನೇ ಕಾಫಿ ಮಾಡಿ ಅವಳ ಮುಂದಿಟ್ಟು ಕೂತೆ. “ತಪ್ಪಾಯ್ತು. ನಿನ್ನ ಮೇಲೂ ಅನುಮಾನಪಟ್ಟೆ. ನೀನಾದರೂ ನನ್ನ ಮೇಲೆ ಅನುಮಾನಪಡಲಿಲ್ಲವಲ್ಲ, ಅದು ನಿನ್ನ ದೊಡ್ಡತನ” ಎಂದೆ.

“ಅನುಮಾನ ಯಾಕೆ ಪಡಲಿ?” ಎಂದಳು ಲೋಟ ಎತ್ತಿಕೊಳ್ಳುತ್ತಾ. “ನೀವೇ ಅಂತ ಮೊದಲ ದಿನಾನೇ ಗೊತ್ತಿತ್ತು. ಈ ಮನೆಯಲ್ಲಿ ಏನಾದರೂ ಬಿರುಕು ಬಿಟ್ಟರೆ ನೀವು ಯಾವತ್ತು ಸರಿಮಾಡಿದೀರಿ? ಮುಂದೆ ಏನಾದರೂ ತಂದು ಇಡ್ತೀರಿ.”

ನಾನು ಸುತ್ತ ನೋಡಿದೆ. ಒಂದೇ ಗೋಡೆಯ ಮೇಲೆ ಮೂರು ಕ್ಯಾಲೆಂಡರುಗಳಿದ್ದವು. ಎರಡು ಹಳೆಯ ವರ್ಷದವು.

ಸೋಮವಾರ ಬೆಳಿಗ್ಗೆ ಹಲಗೆ ಮುಂಬಾಗಿಲ ಬಳಿ ಮಕ್ಕಳ ಎದೆಯೆತ್ತರಕ್ಕೆ ನಿಂತಿತ್ತು. ಹೊಸ ಹುಡುಗಿ ಬಂದಳು. ಎರಡು ಜಡೆ, ಬಿಗಿ ಮುಚ್ಚಿದ ತುಟಿ. ತಾಯಿ ಬಟ್ಟೆಯ ಬ್ಯಾಗನ್ನು ಕೆಳಗಿಡದೆ ಕೈಯಲ್ಲೇ ಹಿಡಿದಿದ್ದರು. ಬಸ್ಸು ಗೇಟಿನ ಹೊರಗೇ ಇತ್ತು. ನನ್ನ ಹೆಂಡತಿ ಹುಡುಗಿಯ ಕೈಯನ್ನು ಹಲಗೆಯ ಮೇಲಿಟ್ಟು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ನೀವು ಹೊರಗಿರಿ. ಯಾರೂ ಒಳಗೆ ಬರಬಾರದು” ಎಂದಳು.

ಹೊರಗೆ ನಿಂತೆ. ನಿಂತೆ ಎಂದರೆ ಒಂದು ನಿಮಿಷ. ಆಮೇಲೆ ಹಳೆಯ ಹುಳು ಮತ್ತೆ ಕೊರೆಯತೊಡಗಿತು. ಯಾರಾದರೂ ಕಾರಿಡಾರಿನಲ್ಲಿ ಬಕೆಟ್ಟು ಇಟ್ಟಿದ್ದರೆ? ಬೆಂಚು ಎಳೆದಿದ್ದರೆ? ಅಳಿಸಬೇಕಿದ್ದ ಬಾಗಿಲು ಯಾವುದಾದರೂ ಉಳಿದುಬಿಟ್ಟಿದ್ದರೆ? ಪಕ್ಕದ ಬಾಗಿಲಿಂದ ಮೆಲ್ಲಗೆ ಒಳಗೆ ನುಗ್ಗಿ, ಕಾವಲಿಗೆಂದು ಮೂರನೆಯ ಕೋಣೆಯ ಬಳಿ ಗೋಡೆಗೆ ಅಂಟಿ, ಉಸಿರು ಬಿಗಿ ಹಿಡಿದು ನಿಂತೆ.

ಹುಡುಗಿ ಹಲಗೆಯ ಮೇಲೆ ಎರಡು ಸಲ ಬೆರಳಾಡಿಸಿ, ತುಟಿಯಲ್ಲೇ ಏನೋ ಎಣಿಸಿಕೊಂಡು, ಹೊರಟಳು. ಎಡಗೈ ಗೋಡೆಗೆ. ಒಂದನೆಯ ಬಾಗಿಲು ದಾಟಿದಳು. ಎರಡನೆಯದನ್ನೂ ದಾಟಿದಳು. ಹೆಜ್ಜೆ ದೃಢವಾಗುತ್ತಾ ಬಂತು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವಳ ಎಡಗೈ ಗೋಡೆ ಬಿಟ್ಟು ನನ್ನ ಹೊಟ್ಟೆಗೆ ಬಂತು.

ನಿಂತಳು. ಒಮ್ಮೆ ಒತ್ತಿ ನೋಡಿದಳು. ಇನ್ನೊಂದು ಕೈಯಿಂದ ಅಗಲ ಅಳೆದಳು.

“ಟೀಚರ್, ನಕ್ಷೆ ತಪ್ಪಿದೆ” ಎಂದಳು ಗಟ್ಟಿಯಾಗಿ. “ಇಲ್ಲೊಂದು ದಪ್ಪ ಕಂಬ ಇದೆ.”

ಮುಂಬಾಗಿಲಲ್ಲಿ ತಾಯಿ ಬ್ಯಾಗನ್ನು ಹೆಗಲಿಗೇರಿಸಿದ್ದು ಕಾಣಿಸಿತು. ನಾನು ಎಂದು ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದೆ. ಕಂಬ ಮಾತಾಡಿದರೆ ಮಗು ಹೆದರಿಬಿಟ್ಟರೆ?

“ನಕ್ಷೆ ಸರಿಯಾಗಿದೆ ಪುಟ್ಟಿ” ಎಂದಿತು ನನ್ನ ಹೆಂಡತಿಯ ಧ್ವನಿ, ಒಂದಿಷ್ಟೂ ಅಲುಗದೆ. “ಅದು ಕಂಬ ಅಲ್ಲ. ನಮ್ಮ ಮನೆಯವರು.”

ಹುಡುಗಿ ಒಂದು ಕ್ಷಣ ಯೋಚಿಸಿದಳು. “ನಕ್ಷೆಯಲ್ಲಿ ಇಲ್ಲದೋರು ಇಲ್ಲಿ ಯಾಕೆ ನಿಂತಿದಾರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನನ್ನು ಬಳಸಿಕೊಂಡು, ಗೋಡೆಯನ್ನು ಮತ್ತೆ ಹುಡುಕಿಕೊಂಡು, ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ಕಾರಿಡಾರಿನ ಕೊನೆಯಲ್ಲಿ ನಲ್ಲಿ ತಿರುಗಿದ ಸದ್ದು, ನೀರು ಬಿದ್ದ ಸದ್ದು ಕೇಳಿಸಿತು. ತಾಯಿ ಬ್ಯಾಗನ್ನು ಕೆಳಗಿಟ್ಟರು.

ಮಗು ವಾಪಸ್ ಬರುವ ಮೊದಲು ದಾರಿ ಖಾಲಿ ಮಾಡಬೇಕಿತ್ತು. ಡ್ರಿಲ್ ಮೇಷ್ಟ್ರು ಸದ್ದಿಲ್ಲದೆ ಬಂದು, ನನ್ನ ಕೈ ಹಿಡಿದು, ಮೆಲ್ಲಗೆ ಹೊರಗೆ ನಡೆಸಿಕೊಂಡು ಹೋದರು. ಆ ದಿನ ಆ ಶಾಲೆಯಲ್ಲಿ ಇನ್ನೊಬ್ಬರ ಕೈ ಹಿಡಿದು ನಡೆದವನು ನಾನೊಬ್ಬನೇ.